ಬಲಕ್ಕೆ ಬಿದ್ದ ಹೂವು

ದೇವರಿಗೆ ಹೂವು ಏರಿಸಿ ಅಪ್ಪಣೆ ಕೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಾನು ಹುಕ್ಕೇರಿಯ ಶಾಲೆಯಲ್ಲಿ ಮಾಸ್ತರ. ಒದ್ದೆ ಹೂವು ಒಣಗಿದರೆ ಬೀಳುತ್ತದೆ, ಅದರಲ್ಲಿ ದೇವರದೇನು ಎಂದು ಎದುರಿಗೇ ಅನ್ನುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಅಲ್ಲ.

ನನ್ನ ಹೆಂಡತಿ ಗಂಗವ್ವನ ಬೆನ್ನೆಲುಬಿನಲ್ಲಿ ಸೊಂಟದ ಹತ್ತಿರದ ಎರಡು ಮಣಿಗಳು ಕ್ಷಯದಿಂದ ಸವೆದು ಕುಸಿದಿದ್ದವು. ಮೂಡಲಗಿಯ ತವರಿನಲ್ಲಿ ಹಲಗೆಯ ಮೇಲೆ ಮಲಗಿದ್ದವಳಿಗೆ ಮಗ್ಗುಲಾಗಲೂ ಇಬ್ಬರು ಬೇಕಿತ್ತು. ಮಣಿಗಳನ್ನು ಒಂದಕ್ಕೊಂದು ಬೆಸೆಯದೆ ಗತಿಯಿಲ್ಲ ಎಂದ ಡಾಕ್ಟರು ಎರಡು ದಾರಿ ಹೇಳಿದರು. ಬೆನ್ನು ಸೀಳಿ, ಕಾಲಿನ ಎಲುಬಿನದೊಂದು ಚೂರು ತೆಗೆದು ಕೂಡಿಸುವುದು ಒಂದು. ಅದರಲ್ಲಿ ಗಾಯ ಕೀವಾಗಬಹುದು, ಎಲುಬು ಕೂಡದೆಯೂ ಹೋಗಬಹುದು. ಹೊಟ್ಟೆಯ ಕಡೆಯಿಂದ ಹೋದರೆ ಕೆಟ್ಟ ಜಾಗವೇ ಕೈಗೆ ಸಿಗುತ್ತದೆ, ಆದರೆ ಅಲ್ಲಿನ ದೊಡ್ಡ ರಕ್ತನಾಳಕ್ಕೆ ಕತ್ತಿ ತಾಗಿದರೆ ಮೇಜಿನ ಮೇಲೇ ಮುಗಿಯಿತು.

“ಎರಡೂ ಕಡೆ ಅಂಜಿಕಿ ಐತ್ರಿ ಮಾಸ್ತರ. ಸೋಮವಾರ ಬಂದು ಯಾವುದಂತ ಹೇಳ್ರಿ,” ಎಂದರು.

ಏನು ಹೇಳಲಿ? ಊಟ ಸೇರಲಿಲ್ಲ, ಹೇಳಿದ ಪಾಠವನ್ನೇ ಮತ್ತೆ ಹೇಳುತ್ತಿದ್ದೆ. ಭಾನುವಾರ ಮಟಮಟ ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು ನೋಡಿ, ಹುಕ್ಕೇರಿಯ ಹೊರಗಿನ ವೀರಭದ್ರನ ಗುಡಿಯನ್ನು ಕಳ್ಳನ ಹಾಗೆ ಹೊಕ್ಕೆ. ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ, ಬೆನ್ನಿನ ಕಡೆಯಿಂದ ಮಾಡಿಸಲೇ ಎಂದು ಕೇಳಿದೆ. ಬಲದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಅಷ್ಟು ನನಗೂ ಗೊತ್ತಿತ್ತು. ನನ್ನ ಬಲಗೈ ಕಡೆಯ ಹೂವು ಬಿತ್ತು. ಅಲ್ಲೇ ಕುಳಿತು ಅತ್ತುಬಿಟ್ಟೆ.

ಮರುದಿನ ಘಟಪ್ರಭಾದಲ್ಲಿ ರೈಲು ಹತ್ತಿ ದವಾಖಾನೆಗೆ ಹೋಗಿ, ಬೆನ್ನು ಎಂದು ಹೇಳಿ ಸಹಿ ಹಾಕಿದೆ. ಅದೇ ವಾರ ಗಂಗವ್ವನನ್ನು ಅಲ್ಲಿಗೆ ಕರೆತಂದೆವು. ಗುಡಿಯ ಸುದ್ದಿಯನ್ನು ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ, ಅವಳಿಗೂ ಕೂಡ.

ಶಸ್ತ್ರಕ್ರಿಯೆಯಾದ ಐದನೆಯ ದಿನ ಗಾಯ ಕೀವಾಯಿತು. ಜ್ವರ ಇಳಿಯಲೇ ಇಲ್ಲ. ಒಂದು ಬೆಳಿಗ್ಗೆ ನಾನು ತುಟಿಗೆ ನೀರು ಹಾಕುತ್ತಿದ್ದಾಗ ಅವಳು ಕಣ್ಣು ಬಿಟ್ಟು, ಎಂದಿನ ದನಿಯಲ್ಲೇ ಮಾತಾಡಿದಳು.

“ಹೂವು ನಿಮ್ಮ ಬಲಕ್ಕ ಬಿತ್ತಲ್ರೀ? ದೇವರ ಬಲಾ ನೋಡಬೇಕಾಗಿತ್ತು. ನಿಮಗ ಯಾರೂ ಹೇಳಿಕೊಟ್ಟಿಲ್ಲ, ಪಾಪ.”

ಎದುರು ನಿಂತವನ ಬಲ ದೇವರ ಎಡ; ಹೂವು ಬೇಡ ಎಂದಿತ್ತು. ಮರುದಿನ ಅವಳು ತೀರಿಕೊಂಡಳು.

ಹುಕ್ಕೇರಿಯಲ್ಲಿ ನಾನೊಬ್ಬನೇ ಮಾಡಿದ್ದು ಮೂಡಲಗಿಯ ಹಲಗೆಯ ಮೇಲಿದ್ದವಳಿಗೆ ಹೇಗೆ ತಿಳಿಯಿತು? ಜ್ವರದ ಬಡಬಡಿಕೆ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಮನಸ್ಸು ಒಪ್ಪುವುದಿಲ್ಲ. ಹೊಟ್ಟೆಯ ಕಡೆಯಿಂದ ಮಾಡಿಸಿದ್ದರೆ ಉಳಿಯುತ್ತಿದ್ದಳೇ? ಅದೂ ಗೊತ್ತಿಲ್ಲ. ಅವಳು ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಸಾಯುವವಳು ನನ್ನನ್ನು ಪಾಪ ಎಂದಳು.