ಅಪ್ಪನ ಚೀಲಕ್ಕೆ ಹೋದ ಬಳೆಗಳು

ಇವತ್ತು ಬಂಗಾರಪೇಟೆಯ ಬೀದಿಯಲ್ಲಿ ಯಾರೋ ಸರ್ವೆ ಕೊಂಬೆ ಕಡಿಯುತ್ತಿದ್ದರು. ಆ ಹಸಿ ವಾಸನೆಗೆ ಕ್ಯಾಸಂಬಳ್ಳಿಯ ನಮ್ಮ ಹಳೆಯ ಮನೆ ಕಣ್ಣ ಮುಂದೆ ಬಂತು.

ಅಪ್ಪ ಕೆಜಿಎಫ್ ಗಣಿಯಲ್ಲಿ ಕೆಲಸಕ್ಕಿದ್ದ. ಒಂದು ಕ್ರಿಸ್‌ಮಸ್‌ನ ಹಿಂದಿನ ದಿನ ಅಜ್ಜಿ ದೇವರ ದೀಪಕ್ಕೆ ಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿ, ನನ್ನ ಗಾಜಿನ ಬಳೆಗಳು, ಒಂದು ಸರ್ವೆ ಕೊಂಬೆ ಎಲ್ಲವನ್ನೂ ಚೀಲಕ್ಕೆ ತುರುಕಿ, ಎಲ್ಲಿಗೆಂದು ಹೇಳದೆ ಸೈಕಲ್ ಹತ್ತಿದ.

"ಬಳೆ ಯಾವಳಿಗೆ? ನಡಿಯಮ್ಮಿ, ನೋಡೇಬುಡಾನ," ಎಂದು ಅಜ್ಜಿ ನನ್ನನ್ನು ಕೆಜಿಎಫ್ ಬಸ್ಸಿಗೆ ಹತ್ತಿಸಿದಳು.

ಅವರಿವರನ್ನು ಕೇಳುತ್ತಾ ಹೋದಾಗ ಗಣಿ ಕಾರ್ಮಿಕರ ಸಾಲುಮನೆಯೊಂದರ ಮುಂದೆ ಅಪ್ಪನ ಸೈಕಲ್ ಸಿಕ್ಕಿತು. ಬಾಗಿಲಲ್ಲಿ ಹೆಂಗಸಿನ ಚಪ್ಪಲಿ. ಅಜ್ಜಿ ಕದ ತಳ್ಳಿದಳು.

ಒಳಗೆ ಅಪ್ಪನ ಜೊತೆಗಾರ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದನಂತೆ. ಸೀಮೆಎಣ್ಣೆ ಡಬ್ಬದಲ್ಲಿ ಕ್ರಿಸ್‌ಮಸ್ ಮರದಂತೆ ನಿಲ್ಲಿಸಿದ ಕೊಂಬೆಗೆ ಅಪ್ಪ ಅವನ ಮಕ್ಕಳೊಂದಿಗೆ ಬಳೆ ಕಟ್ಟುತ್ತಿದ್ದ.

"ಯೋಳಿದ್ರೆ ದೇವ್ರ ಹತ್ತಿ ಕೊಡ್ತಿದ್ಯೇನಮ್ಮ?" ಎಂದ ಅಪ್ಪ.

"ವಾಂಗಮ್ಮ," ಎಂದು ತಮಿಳಿನಲ್ಲಿ ಒಳಗೆ ಕರೆದು ಜೊತೆಗಾರನ ಹೆಂಡತಿ ಕಾಫಿ ಕೊಟ್ಟಳು. ಅಜ್ಜಿ ಮೂಸಿ ನೋಡಿ ಕುಡಿದಳು. ಆಮೇಲೆ ಅಪ್ಪನನ್ನು ಪಕ್ಕಕ್ಕೆ ಸರಿಸಿ, ಮುದ್ದೆಯಾಗಿದ್ದ ಹತ್ತಿಯನ್ನು ತಾನೇ ಹಿಂಜಿ ಕೊಂಬೆಗೆ ಹಿಮದಂತೆ ಹರಡಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಪಿಸುಗುಟ್ಟಿದಳು: "ಆ ಕಾಪಿಗೆ ಏನೋ ಆಕವ್ಳೆ ಕಣಮ್ಮಿ. ಇಲ್ದಿದ್ರೆ ನಾನ್ಯಾಕೆ ಅಲ್ಲಿ ಅಷ್ಟೊತ್ತು ಕೂತ್ಕೋತಿದ್ದೆ?"

ಇವತ್ತು ಅದು ನೆನಪಾಗಿ ಬೀದಿಯಲ್ಲಿ ನಿಂತು ಒಬ್ಬಳೇ ನಕ್ಕೆ. ಕೊಂಬೆ ಕಡಿಯುವವನು ನನ್ನನ್ನು ಅನುಮಾನದಿಂದ ನೋಡಿದ.