ಕಾಕಾ ಕಲಿಸಿದ ಹೆಂಗಸಿನ ನಡಿಗೆ

ಹೆಂಗಸು ಹೇಗೆ ನಡೆಯಬೇಕೆಂದು ನನಗೆ ಕಲಿಸಿದವರು ಒಬ್ಬ ಗಂಡಸು. ನಮ್ಮ ನಾಟಕ ಕಂಪನಿಯಲ್ಲಿ ಇಪ್ಪತ್ತು ವರ್ಷ ನಾಯಕಿಯ ಪಾರ್ಟು ಮಾಡಿದವರು. ಕಂಪನಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ರಂಗದ ಮೇಲೆ ಸೆರಗು ಹೊದೆಯುವ ರೀತಿ ನೋಡಿಕೊಂಡು ಹೋಗಿ ಜಮಖಂಡಿಯ ವಕೀಲರ ಮನೆಯ ಹೆಂಗಸರು ತಾವೂ ಹಾಗೇ ಹೊದೆಯುತ್ತಿದ್ದರಂತೆ. ನಾನು ಇದನ್ನು ಕಂಡಿಲ್ಲ, ಕಾಕಾರೇ ಹೇಳಿದ್ದು. ತಮ್ಮನ್ನು ಹೊಗಳಿಕೊಳ್ಳುವುದರಲ್ಲಿ ಅವರು ಜಿಪುಣರಲ್ಲ.

ನಾನು ಬನಹಟ್ಟಿಯ ನೇಕಾರರ ಮನೆಯವಳು. ಅಪ್ಪ ತೀರಿಕೊಂಡ ಮೇಲೆ ಅವ್ವ ಬೇರೆಯವರ ಮಗ್ಗಗಳಿಗಾಗಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ನನ್ನನ್ನು ಸಾಕಿದಳು. ನನ್ನ ಕಂಠ ಚೆನ್ನಾಗಿತ್ತು. ಕಂಪನಿ ನಮ್ಮೂರಿನಲ್ಲಿ ಮೊಕ್ಕಾಂ ಮಾಡಿದಾಗ ಮಾಲೀಕರು ಭಜನೆಯಲ್ಲಿ ನನ್ನ ಹಾಡು ಕೇಳಿ, ನನ್ನನ್ನು ಕಂಪನಿಗೆ ಕಳಿಸೆಂದು ಅವ್ವನ ಹತ್ತಿರ ಮಾತಾಡಿದರು. ನೆಂಟರೆಲ್ಲ ಮೂಗು ಮುರಿದರು. ಮೂರು ದಿನದ ಮೇಲೆ ಅವ್ವ ನನ್ನ ಎರಡು ಸೀರೆ ಗಂಟು ಕಟ್ಟಿಕೊಟ್ಟಳು. ಆಗ ನನಗೆ ಹದಿನಾಲ್ಕು.

ಮಾಲೀಕರ ವಿಚಾರ ಸರಳವಾಗಿತ್ತು. ಟಾಕಿ ಸಿನಿಮಾ ಬಂದ ಮೇಲೆ ಜನ ನಿಜವಾದ ಹೆಂಗಸನ್ನೇ ನೋಡಬೇಕೆನ್ನುತ್ತಿದ್ದರು. ಕಾಕಾರ ಗಲ್ಲಕ್ಕೆ ಎಷ್ಟು ಬಣ್ಣ ಬಳಿದರೂ ನಲವತ್ತರ ವಯಸ್ಸು ಇಣುಕುತ್ತಿತ್ತು. ಒಂದು ಬೆಳಗ್ಗೆ ಮಾಲೀಕರು ನನ್ನನ್ನು ಅವರ ಮುಂದೆ ನಿಲ್ಲಿಸಿ, ವರ್ಷದೊಳಗೆ ಇವಳನ್ನು ತಯಾರು ಮಾಡಬೇಕೆಂದರು. ಎಂದರೆ, ನಾನು ಕಲಿತ ದಿನ ಅವರ ಪಾರ್ಟು ಹೋಗುತ್ತದೆ. ಇದು ಕಾಕಾರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಕಂಪನಿಯ ಅಡುಗೆಯವನಿಗೂ ಗೊತ್ತಿತ್ತು.

ಅವರು ಅರ್ಧಂಬರ್ಧ ಕಲಿಸಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಮುಧೋಳದ ಮೊಕ್ಕಾಮಿನಲ್ಲಿ, ತಗಡಿನ ಥೇಟರಿನ ಒಳಗೆ, ದಿನವೂ ಊಟಕ್ಕೆ ಮೊದಲು ನನ್ನನ್ನು ನಡೆಸುತ್ತಿದ್ದರು. ಸಣ್ಣ ಎರಡು ಹೆಜ್ಜೆ ಇಟ್ಟು ತುಸು ನಿಲ್ಲಬೇಕು. ಎಡಗೈ ಸೆರಗಿನ ತುದಿ ಹಿಡಿದಿರಬೇಕು. ಸೊಂಟ ಅಲುಗಕೂಡದು, ಕುತ್ತಿಗೆ ಮಾತ್ರ ಒಂದಿಷ್ಟು ಹಿಂದಕ್ಕೆ. ಹೆಣ್ಣಾಗಿ ಹುಟ್ಟಿದವಳಿಗೆ ಈ ಗಂಡಸು ಏನು ಕಲಿಸುತ್ತಾರೆ ಎಂಬ ಸೊಕ್ಕು ನನಗೆ. ಒಂದು ದಿನ ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಅವರು ಸಿಟ್ಟಾಗಲಿಲ್ಲ.

"ಹೆಣ್ಣಾಗಿ ಹುಟ್ಟೀದಿ, ಖರೆ. ಆದರ ನೀ ನಿನ್ನಂಗ ನಡದ್ರ ಯಾರೂ ನೋಡಂಗಿಲ್ಲ. ಹಿಂಗ ನಡಿ, ನೋಡತಾರ."

ಜನ ನೋಡಿದರು. ವರ್ಷ ತುಂಬುವ ಮೊದಲೇ ಬೀಳಗಿಯಲ್ಲಿ ನಾಯಕಿಯಾಗಿ ನಿಂತೆ. ಬೀಳಗಿ ಇಂಗ್ಲಿಷರ ಆಳಿಕೆಯಲ್ಲಿತ್ತು, ಅಲ್ಲಿ ಜಮಖಂಡಿ, ಮುಧೋಳದಂಥ ನಮ್ಮ ಸಂಸ್ಥಾನಗಳ ಪರವಾನಗಿಯ ರಗಳೆ ಇರಲಿಲ್ಲ. ಹೊಸದೇನಿದ್ದರೂ ಮಾಲೀಕರು ಮೊದಲು ಅಲ್ಲಿ ಮಾಡಿ ನೋಡುತ್ತಿದ್ದರು. ಮೊದಲ ಹಾಡಿಗೇ ಮೂರು ಸಲ ಒನ್ಸ್ ಮೋರ್ ಬಂತು. ಅಂದಿನಿಂದ ಕಾಕಾ ನನ್ನ ತಾಯಿಯ ಪಾರ್ಟಿಗೆ ಇಳಿದರು. ಬಿಳಿಗೂದಲಿನ ಟೋಪ ಹಾಕಿಕೊಂಡು, ನನ್ನ ಸೆರಗು ಸರಿಮಾಡಿ ರಂಗಕ್ಕೆ ಕಳಿಸಿದರು. ನನಗೆ ನಾಚಿಕೆಯಾಗಲಿಲ್ಲ, ಖುಷಿಯಾಯಿತು. ಆ ವಯಸ್ಸಿಗೆ ಅಷ್ಟೇ ಬುದ್ಧಿ.

ಎರಡು ವರ್ಷದ ಮೇಲೆ ಕೊಲ್ಹಾಪುರದಲ್ಲಿ ಕನ್ನಡ ಟಾಕಿ ತೆಗೆಯುವವರೊಬ್ಬರು ನನ್ನನ್ನು ಕರೆಸಿದರು. ಬಡವರ ಮನೆಯ ಸೊಸೆಯ ಪಾರ್ಟು. ಮೊದಲ ದಿನ ನೀರಿನ ಕೊಡ ಹೊತ್ತು ಅಂಗಳ ದಾಟಬೇಕಿತ್ತು, ದಾಟಿದೆ. ಡೈರೆಕ್ಟರು ಕ್ಯಾಮೆರಾ ನಿಲ್ಲಿಸಿ ಮರಾಠಿಯಲ್ಲಿ ಏನೋ ಅಂದರು, ಎಲ್ಲರೂ ನಕ್ಕರು. ಮರಾಠಿ ನನಗೆ ಬರುತ್ತಿತ್ತು. ಇವಳು ಹೆಂಗಸಲ್ಲ, ಸೀರೆಯುಟ್ಟ ಗಂಡಸು ಎಂದಿದ್ದರು. ಎಂಟು ದಿನದಲ್ಲಿ ಈ ನಡಿಗೆ ಬಿಡದಿದ್ದರೆ ಬೇರೆ ಹುಡುಗಿಯನ್ನು ಕರೆಸುವುದಾಗಿಯೂ ಹೇಳಿದರು.

ಯಾರು ಕಲಿಸಿದ್ದು ಎಂದು ಕೇಳಿದರು. ಆ ಪಾರ್ಟು ಕೈತಪ್ಪಿದರೆ ಬದುಕಿದ್ದೂ ಸತ್ತಂತೆ ಎಂದು ನನಗೆ ಹೆದರಿಕೆ. ಕಾಕಾರ ನಡಿಗೆಯನ್ನು ಇನ್ನಷ್ಟು ಎಳೆದು, ಕುತ್ತಿಗೆಯನ್ನು ಇನ್ನಷ್ಟು ಹಿಂದಕ್ಕೆ ಒಗೆದು, ನಾಯಕಿಯ ಪಾರ್ಟು ಮಾಡುತ್ತಿದ್ದ ಇಂಥ ಗಂಡಸು ಕಲಿಸಿದರು ಎಂದು ನಡೆದು ತೋರಿಸಿದೆ. ದೀಪ ಹಿಡಿಯುವವರು ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಡೈರೆಕ್ಟರ ಮುಖ ಸಡಿಲವಾಯಿತು. ನಾನೂ ನಕ್ಕೆ.

ಆಮೇಲೆ ಕೆರೆಯ ದಂಡೆಯಲ್ಲಿ ಕೂತು ಹೋಗಿ ಬರುವ ಹೆಂಗಸರನ್ನು ನೋಡಿದೆ. ಯಾರ ನಡಿಗೆಯೂ ಕಾಲಿಗೆ ಹತ್ತಲಿಲ್ಲ. ಕೊನೆಗೆ ಅವ್ವ ನೆನಪಾದಳು. ಕಂಡಿಕೆಯ ಬುಟ್ಟಿ ಸೊಂಟಕ್ಕಿಟ್ಟು ಒಂದು ಮಗ್ಗದಿಂದ ಇನ್ನೊಂದಕ್ಕೆ ಹೋಗುವಾಗ ಅವಳ ಕಾಲು ನೆಲ ಬಿಡುತ್ತಿರಲಿಲ್ಲ. ಯಾರಿಗೂ ಅಡ್ಡಬರದಂತೆ ಗೋಡೆಗುಂಟ ಸರಿಯುತ್ತಿದ್ದಳು. ಹಾಗೇ ನಡೆದೆ. ಪಾರ್ಟು ಉಳಿಯಿತು. ಕಂಪನಿಗೆ ಮರಳಿದ ಮೇಲೆ ರಂಗದಲ್ಲೂ ಅದನ್ನೇ ನಡೆದೆ, ಹಳೆಯದನ್ನು ಬಿಟ್ಟೇಬಿಟ್ಟೆ. ಕಾಕಾ ಕಂಡರೂ ಕಾಣದವರಂತಿದ್ದರು.

ಆ ಟಾಕಿ ಜಮಖಂಡಿಗೆ ಬಂದಾಗ ನಮ್ಮ ಮೊಕ್ಕಾಮೂ ಅಲ್ಲೇ ಇತ್ತು. ಕಾಕಾ ಮೊದಲ ದಿನವೇ ಟೆಂಟಿಗೆ ಹೋಗಿ ನೋಡಿ ಬಂದರು. ಮರುದಿನ ನಾನು ಅವರ ಕಣ್ಣಿಗೆ ಬೀಳದಂತೆ ಓಡಾಡಿದೆ. ಮಧ್ಯಾಹ್ನ ಅವರೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಕೈಯಲ್ಲಿ ಟೋಪ ಹಿಡಿದು ಬಾಚುತ್ತಿದ್ದರು. ಚೆನ್ನಾಗಿ ಮಾಡಿದ್ದೀ ಎಂದರು. ತಾವು ಕಲಿಸಿದ್ದು ಎಲ್ಲೂ ಕಾಣಲಿಲ್ಲ, ಅದು ಯಾರ ನಡಿಗೆ ಎಂದು ಕೇಳಿದರು. ನಮ್ಮವ್ವನದು ಎಂದೆ. ಅವರ ಕೈ ನಿಂತಿತು.

"ನಾನೂ ನಮ್ಮವ್ವನ್ನ ನೋಡೇ ಕಲ್ತದ್ದು, ತಂಗಿ. ನೀರು ಹೊತ್ತು ಹೊತ್ತು ಅಕಿ ಕುತ್ತಿಗಿ ಹಿಂದ ಹೋಗಿತ್ತು. ಎರಡ ಹೆಜ್ಜಿ ಇಟ್ಟು ದಮ್ಮ ತಗೋತಿದ್ಲು. ಹರೇದಾಗ ಸತ್ತಾಕಿ, ಮುದುಕಿ ಪಾರ್ಟಿನಾಗ ಅಕಿನ್ನ ಹೆಂಗ ತರಲಿ? ನಿನಗ ಕೊಟ್ಟೆ."

ಎದ್ದು ಎಲ್ಲಾದರೂ ಓಡಿಹೋಗಬೇಕೆನ್ನಿಸಿತು ನನಗೆ. ಅಷ್ಟರಲ್ಲಿ ಅವರು, ಕೊಲ್ಹಾಪುರದಲ್ಲಿ ಮೊದಲು ಅದನ್ನೇ ನಡೆದು ತೋರಿಸಿರಬೇಕಲ್ಲ, ನೋಡಿದವರು ಏನೆಂದರು ಎಂದು ಕೇಳಿದರು.

"ಛಲೋ ಐತಿ ಅಂದ್ರರೀ ಕಾಕಾ," ಎಂದೆ.

ಅವರು ನಂಬಿದರು. ಟೋಪವನ್ನು ಮತ್ತೆ ಬಾಚತೊಡಗಿದರು.