ಖಂಡೇನವಮಿಗೆ ಇಟ್ಟ ಪಿಸ್ತೂಲು

ಘಣಸೋಲಿಯ ನನ್ನ ಖಾನಾವಳಿಯ ಬಾಗಿಲಲ್ಲೇ ಆ ಹುಡುಗನನ್ನು ಕೊಂದರು. ತೊಂಬತ್ತರ ದಶಕದ ನಡುವಿನ ಮಾತು. ವಾಶಿ ಮಾರ್ಕೆಟ್ಟಿನಲ್ಲಿ ಲಾರಿ ಖಾಲಿ ಮಾಡಿ ಬಂದ ಹಮಾಲರು ಒಳಗೆ ರೊಟ್ಟಿಗೆ ಕೂತಿದ್ದರು. ಅವನು ಹೊರಗಿನ ಡ್ರಮ್ಮಿನ ಹತ್ತಿರ ಬಗ್ಗಿ ಕೈ ತೊಳೆಯುತ್ತಿದ್ದ. ಸ್ಕೂಟರಿನಲ್ಲಿ ಇಬ್ಬರು ಬಂದರು. ಹಿಂದೆ ಕೂತಿದ್ದವನು ಇಳಿದು ಕಿವಿಯ ಮಗ್ಗುಲಿಗೆ ಪಿಸ್ತೂಲು ಹಿಡಿದು ಹೊಡೆದ. ಬಿದ್ದವನ ಎದೆಗೆ ಇನ್ನೊಂದು ಹೊಡೆದ. ಹೊಡೆದವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಪೊಲೀಸರು ಹೆಣ ಒಯ್ದ ಮೇಲೆ ಹೊಸ್ತಿಲು ಉಜ್ಜಿದವಳು ನಾನು. ಅಳು ಬರಲಿಲ್ಲ, ಮೈಯೆಲ್ಲ ಸಿಟ್ಟು ಬಂತು.

ಸತ್ತವನು ನನ್ನ ತಮ್ಮನ ಜೊತೆಗಾರ. ನನ್ನ ಹೆದರಿಕೆಯ ಮೂಲ ಅದೇ. ಅಪ್ಪ ಅವ್ವ ಕಲಬುರ್ಗಿ ಕಡೆಯಿಂದ ಬಂದು, ಇಲ್ಲಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಇಲ್ಲೇ ತೀರಿಕೊಂಡಿದ್ದರು. ತಮ್ಮನನ್ನು ಸಾಕಿದವಳು ನಾನೇ. ನಾನು ಕನ್ನಡದಲ್ಲಿ ಬೈದರೆ ಅವನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ. ಮಾರ್ಕೆಟ್ಟಿನ ವ್ಯಾಪಾರಿಗಳಿಂದ ಹಫ್ತಾ ಎತ್ತುವ ಒಬ್ಬ ಭಾಯ್‌ನ ಹಿಂದೆ ಬಿದ್ದಿದ್ದ. ಜೊತೆಗಾರ ಸತ್ತ ದಿನ ಅವನು ಉಣ್ಣಲಿಲ್ಲ. ಷರಟಿನ ಕೆಳಗೆ ಸೊಂಟದಲ್ಲಿ ಏನೋ ಉಬ್ಬಿಕೊಂಡಿತ್ತು. ನಾಡ ಪಿಸ್ತೂಲಿಗೆ ಆ ಹುಡುಗರು ‘ಸಾಮಾನು’ ಅನ್ನುತ್ತಿದ್ದರು, ಕಿರಾಣಿ ಅಂಗಡಿಯಿಂದ ತಂದವರ ಹಾಗೆ.

ನನ್ನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ವಿಧವೆ ಅಕ್ಕ ವಿಜಾಪುರದ ಕಡೆಯವಳು. ಅವಳ ಒಬ್ಬನೇ ಮಗನೂ ಅದೇ ಗುಂಪಿನಲ್ಲಿದ್ದ. ನಾವಿಬ್ಬರೂ, ಎದುರಿನ ಹೋಟೆಲಿನ ಉಡುಪಿ ಅಣ್ಣನೂ ಸೇರಿ ಮನೆಮನೆಗೆ ಹೊರಟೆವು. ಮಕ್ಕಳ ಹಾಸಿಗೆ ಎತ್ತಿ ನೋಡಿರಿ, ಸಿಕ್ಕಿದ್ದನ್ನು ತಂದುಕೊಡಿರಿ ಎಂದು ತಾಯಂದಿರಿಗೆ ಹೇಳುತ್ತಿದ್ದೆವು. ಒಂದು ಮನೆಯಲ್ಲಿ ನಮ್ಮ ಮೇಲೆ ಬಿಸಿನೀರು ಎರಚಿದರು. ಇನ್ನೊಂದು ಮನೆಯ ಮಗ ಹೋಟೆಲಿನ ಗಾಜಿನ ಕಪಾಟು ಒಡೆದು, ಅಣ್ಣನ ಕೊರಳಿಗೆ ಅದರದೇ ಚೂರು ಹಿಡಿದು, ಮತ್ತೆ ಬಂದರೆ ಕೊಯ್ಯುತ್ತೇನೆ ಎಂದ. ನಾವು ಮತ್ತೆ ಹೋದೆವು.

ದಸರೆ ಹತ್ತಿರ ಬಂದಾಗ ಅಣ್ಣನಿಗೆ ಒಂದು ಉಪಾಯ ಹೊಳೆಯಿತು. “ಪೊಲೀಸರ ಕೈಗೆ ಕೊಡಿ ಅಂದ್ರೆ ಇವರು ಕೊಡುದಿಲ್ಲ ಅಮ್ಮ. ದೇವಿ ಎದುರು ಇಡಿ ಅಂದ್ರೆ ಇಡ್ತಾರೆ” ಎಂದ. ಖಂಡೇನವಮಿಯ ದಿನ ಹುಡುಗರು ಹೋಟೆಲಿನ ಹಾಲ್‌ನಲ್ಲಿ ತಮ್ಮ ಆಯುಧ ಪೂಜೆಗೆ ಇಟ್ಟು ಹೋಗುವುದು. ಮರುದಿನ ಮಧ್ಯಾಹ್ನ ಇನ್ಸ್‌ಪೆಕ್ಟರ್ ಬಂದು, ಯಾರದೆಂದು ಕೇಳದೆ ಒಯ್ಯುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಮಗೆಲ್ಲ ಅದು ಬಹಳ ಹಿಡಿಸಿತು, ಇನ್ಸ್‌ಪೆಕ್ಟರನೂ ಒಪ್ಪಿದ. ಹುಡುಗರಿಗೆ ಮಾತ್ರ ಅಣ್ಣ ‘ದೇವಿಗೆ ಒಪ್ಪಿಸಿರಿ’ ಎಂದಷ್ಟೇ ಹೇಳಿದ.

ನವಮಿಯಂದು ಹಮಾಲರು ಚೀಲ ಎತ್ತುವ ಕೊಕ್ಕೆ ಇಟ್ಟರು, ಗಾರೆ ಕೆಲಸದ ಗೌಂಡಿಗಳು ಕರಣೆ ಇಟ್ಟರು, ಅಣ್ಣ ತೆಂಗಿನಕಾಯಿ ಒಡೆಯುವ ಕತ್ತಿ ಇಟ್ಟ. ನಾನು ಖಾರ ಕುಟ್ಟುವ ಒನಕೆ ಇಟ್ಟೆ. ಆಮೇಲೆ ಹುಡುಗರು ಒಬ್ಬೊಬ್ಬರೇ ಬಂದರು. ಚಾಪರ್, ತಲವಾರು, ಪಿಸ್ತೂಲು. ನನ್ನ ತಮ್ಮ ತನ್ನದನ್ನು ಚೆಂಡುಹೂವಿನ ಮೇಲೆ ಇಟ್ಟು ಕೈಮುಗಿದ. ರೊಟ್ಟಿ ಅಕ್ಕನ ಮಗನೂ ಇಟ್ಟ. ಅಕ್ಕ ನನ್ನ ಕೈ ಹಿಡಿದುಕೊಂಡು ಅತ್ತಳು. ಗೆದ್ದೆವೆಂದು ನಾನೂ ನಂಬಿದೆ.

ನವಮಿಗೆ ಇಟ್ಟದ್ದನ್ನು ದಶಮಿಗೆ ಎತ್ತಿಕೊಳ್ಳಬೇಕು. ಹುಟ್ಟಿದಾಗಿನಿಂದ ಕಂಡದ್ದು, ಅಷ್ಟು ಜನರಲ್ಲಿ ಒಬ್ಬರ ತಲೆಗೂ ಬರಲಿಲ್ಲವಲ್ಲ! ದಶಮಿಯ ಬೆಳಿಗ್ಗೆ ಅಡುಗೆಮನೆ ನಡೆಯಬೇಕಲ್ಲ ಎಂದು ಅಣ್ಣ ತನ್ನ ಕತ್ತಿ ಎತ್ತಿಕೊಂಡ. ಹಮಾಲರು ಕೊಕ್ಕೆ ಎತ್ತಿಕೊಂಡರು. ನಾನು ಒನಕೆ ಎತ್ತಿಕೊಂಡು ಹೊರಡುವಷ್ಟರಲ್ಲಿ ತಮ್ಮನೂ ಅಕ್ಕನ ಮಗನೂ ಒಳಗೆ ಬಂದರು. ಇಬ್ಬರೂ ತಲೆಗೆ ಸ್ನಾನ ಮಾಡಿದ್ದರು, ಹಣೆಗೆ ಕುಂಕುಮ ಇತ್ತು. ಅಂದು ಸಂಜೆ, ಅವರ ಜೊತೆಗಾರನನ್ನು ಕೊಂದ ಎದುರಾಳಿ ಗುಂಪಿನವರು ದೇವಿಯ ವಿಸರ್ಜನೆಗೆ ಮೆರವಣಿಗೆ ತೆಗೆಯುವವರಿದ್ದರು. ಢೋಲು, ಪಟಾಕಿಯ ಸದ್ದಿನಲ್ಲಿ ಗುಂಡಿನ ಸದ್ದು ಯಾರಿಗೂ ಕೇಳುವುದಿಲ್ಲವೆಂದು ಭಾಯ್ ಹೇಳಿಕೊಟ್ಟಿದ್ದನಂತೆ.

ಅಣ್ಣ ಅಡ್ಡ ನಿಂತು, ದೇವಿಗೆ ಕೊಟ್ಟದ್ದನ್ನು ಮುಟ್ಟಬೇಡಿ ಎಂದ.

“ಶೇಟ್ ಅಪ್ನಾ ಉಠಾಯಾ ನಾ? ಹಮ್ ಭೀ ಅಪ್ನಾ ಉಠಾಯೇಗಾ” ಎಂದ ನನ್ನ ತಮ್ಮ. ನೀವು ನಿಮ್ಮದನ್ನು ಎತ್ತಿಕೊಂಡಿರಿ, ನಾವು ನಮ್ಮದನ್ನು ಎತ್ತಿಕೊಳ್ಳುತ್ತೇವೆ. ಅಕ್ಕನ ಮಗ ತನ್ನ ಪಿಸ್ತೂಲು ಎಳೆದುಕೊಂಡು ಅದರ ಹಿಡಿಯಿಂದ ಅಣ್ಣನ ಬಾಯಿಗೆ ಗುದ್ದಿದ. ಹಲ್ಲು ಉದುರಿ, ಬನಿಯನ್ನಿನ ಮೇಲೆಲ್ಲ ರಕ್ತ ಸುರಿಯಿತು. ಅಣ್ಣ ಬಿದ್ದ ಮೇಲೂ ಹೊಟ್ಟೆಗೆ ಒದ್ದ. ತಮ್ಮ ಬಗ್ಗಿ ಹೂವಿನೊಳಗಿಂದ ತನ್ನದನ್ನು ತೆಗೆದ.

ಅವನ ಕೈ, ಖಾನಾವಳಿಯ ಬಾಗಿಲಲ್ಲಿ ಸತ್ತು ಬಿದ್ದಿದ್ದ ಆ ಹುಡುಗನ ಕೈಯಂತೆ ಕಂಡಿತು ನನಗೆ. ಒನಕೆ ಎತ್ತಿ ಮಣಿಕಟ್ಟಿನ ಮೇಲೆ ಹಾಕಿದೆ. ಎಲುಬು ಮುರಿದ ಸದ್ದು ಕೇಳಿತು. ಪಿಸ್ತೂಲು ನೆಲಕ್ಕೆ ಬಿದ್ದ ಏಟಿಗೆ ಗುಂಡು ಹಾರಿತು. ಅದು ಸಾಂಬಾರಿನ ಪಾತ್ರೆಯನ್ನು ತೂತು ಮಾಡಿತು. ಅವನು ಎಡಗೈಯಲ್ಲಿ ಪಿಸ್ತೂಲನ್ನು ಎತ್ತಲು ನೋಡಿದ. ಅದೇ ಮುರಿದ ಕೈಯ ಮೇಲೆ ಇನ್ನೊಮ್ಮೆ ಹಾಕಿದೆ. ಸಣ್ಣವನಿದ್ದಾಗ ಜ್ವರದಲ್ಲಿ ಕೂಗುತ್ತಿದ್ದ ಹಾಗೆ ಕೂಗಿಕೊಂಡ. ಪಶ್ಚಾತ್ತಾಪವೇ ಎಂದು ಜನ ಇವತ್ತಿಗೂ ಕೇಳುತ್ತಾರೆ. ಯಾತಕ್ಕೆ? ಅವನು ಕುಸಿದು ಬಿದ್ದಾಗ ನನಗೆ ಆದದ್ದು ಸಂತೋಷ.

ಅಕ್ಕನ ಮಗ ನನ್ನನ್ನು ತಳ್ಳಿ ಓಡಿಹೋದ. ಮಧ್ಯಾಹ್ನ ಇನ್ಸ್‌ಪೆಕ್ಟರ್ ಬಂದು ಉಳಿದದ್ದನ್ನು ಗೋಣಿಚೀಲಕ್ಕೆ ತುಂಬಿಕೊಂಡು, ಮಾತು ಕೊಟ್ಟಂತೆ ಯಾರ ಹೆಸರೂ ಕೇಳದೆ ಹೋದ. ಓಡಿಹೋದವನ ವಿಷಯ ಹೇಳಿದಾಗ ನೋಡುತ್ತೇನೆ ಎಂದಿದ್ದ, ಅಷ್ಟೆ. ಸಂಜೆಯ ಮೆರವಣಿಗೆಯಲ್ಲಿ ಅಕ್ಕನ ಮಗ ಒಬ್ಬನನ್ನು ಹೊಡೆದು ಕೆಡವಿದ. ಎರಡನೆಯ ಗುಂಡು ಹಾರಲಿಲ್ಲ. ಸುತ್ತುಗಟ್ಟಿದವರು ಅವನನ್ನು ಕಲ್ಲಿನಿಂದ ಜಜ್ಜಿದರು. ಕಾಲಿನ ಚಪ್ಪಲಿಯಿಂದ ಅಕ್ಕ ಮಗನ ಗುರುತು ಹಿಡಿದಳು.

ಕ್ರಿಯಾಕರ್ಮ ಮುಗಿದ ಮೇಲೆ ಅಕ್ಕ ಕೆಲಸಕ್ಕೆ ಬಂದಳು. ಪ್ಲಾಸ್ಟರ್ ಹಾಕಿದ ಕೈ ಕೊರಳಿಗೆ ತೂಗುಹಾಕಿಕೊಂಡು ತಮ್ಮ ಮೂಲೆಯಲ್ಲಿ ಕೂತಿದ್ದ. ಅವಳನ್ನು ನೋಡಿ ಮುಖ ತಗ್ಗಿಸಿದ. ಅಕ್ಕ ಹಿಟ್ಟು ಕಲಸಿ, ಒಲೆ ಹಚ್ಚಿ, ಬಡಿಯಲು ಕೂತಳು. ಮೂರನೆಯ ರೊಟ್ಟಿ ಬಡಿಯುತ್ತ ತಲೆ ಎತ್ತದೆ ಕೇಳಿದಳು:

“ನನ್ನ ಯಾಕ ಕರೀಲಿಲ್ಲ ತಂಗೀ? ಇಲ್ಲೇ ರೊಟ್ಟಿ ಬಡಕೋತ ಕುಂತಿದ್ನೆಲ್ಲ. ನನ್ನ ಮಗನ ಕೈ ನಾ ಮುರೀತಿದ್ದೆ.”

ಅವಳು ಬಿಸಿ ರೊಟ್ಟಿಗೆ ಪಲ್ಯ ಹಚ್ಚಿ, ಎದ್ದು ಹೋಗಿ ತಮ್ಮನ ಮುಂದೆ ಕೂತು, ತುತ್ತು ಮಾಡಿ ಅವನ ಬಾಯಿಗಿಟ್ಟಳು. ಅವನು ಅಗಿಯದೆ ಅಳುತ್ತ ಕೂತ.

“ತಿನ್ನು” ಎಂದಳು.